ಮೂಡಲವ್ವನ ಒಂದು ಹಣ್ಣು

ಹಾಜರಿಕಟ್ಟೆ, ಸೋಗಿಕೆರೆ
ಸನ್ 2391, ಬಿಡುತಿಂಗಳ ಮೂವತ್ತಾರನೆಯ ದಿನ, ಬೆಳಿಗ್ಗೆ

ಕರಡಿಗುಡ್ಡದ ಹಳೆಗಾಡಿನ ಸುತ್ತಮುತ್ತ ನಿಮ್ಮ ಕಾಲದಲ್ಲಿ ಬದುಕಿರುವ ಹಿರಿಯರೆಲ್ಲರಿಗೂ ನಿಂಗಾಜಮ್ಮ ಮಾಡುವ ನಮಸ್ಕಾರಗಳು. ಹಿರಿಯರೆಂದು ಕರೆದದ್ದಕ್ಕೆ ನಿಮ್ಮಲ್ಲಿ ಇಪ್ಪತ್ತು ವರ್ಷದವರಿದ್ದರೆ ಬೇಸರ ಮಾಡಿಕೊಳ್ಳಬೇಡಿ. ನನ್ನ ಲೆಕ್ಕದಲ್ಲಿ ನೀವು ನನಗಿಂತ ಮುನ್ನೂರು ವರ್ಷಕ್ಕೂ ಮೇಲೆ ದೊಡ್ಡವರು.

ಮೇಲಿನ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ, ಕ್ಷಮಿಸಬೇಕು. ವೈಶಾಖಕ್ಕೂ ಜ್ಯೇಷ್ಠಕ್ಕೂ ನಡುವೆ ನಾವು ನಲವತ್ತು ದಿನಗಳ ಇನ್ನೊಂದು ತಿಂಗಳನ್ನು ಸೇರಿಸಿಕೊಂಡಿದ್ದೇವೆ. ಆ ದಿನಗಳಲ್ಲಿ ಬೆಳಿಗ್ಗೆ ಎಂಟು ಗಂಟೆಯ ಮೇಲೆ ಯಾರೂ ಹೊಲಕ್ಕೆ ಇಳಿಯುವಂತಿಲ್ಲ, ದನ ಹೊಡೆಯುವಂತಿಲ್ಲ, ಮಗ್ಗದ ಮುಂದೆ ಕೂಡ ಕೂರುವಂತಿಲ್ಲ. ಬಿಸಿಲಿಗೆ ಬಿಟ್ಟುಕೊಟ್ಟ ತಿಂಗಳಾದ್ದರಿಂದ ಅದು ಬಿಡುತಿಂಗಳು. ನನ್ನ ಭಾಷೆಯೂ ನಿಮಗೆ ಒರಟಾಗಿ ಕಾಣಬಹುದು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಗೆದ್ದಲು ತಿಂದು ಉಳಿದ ಅರಣ್ಯ ಇಲಾಖೆಯ ಕಡತಗಳಿಂದ. ಅಲ್ಲಲ್ಲಿ ಕಚೇರಿಯ ವಾಸನೆ ಹೊಡೆದರೆ ಅದು ನಿಮ್ಮಲ್ಲಿಂದಲೇ ಬಂದದ್ದು.

ಇದು ಹಿಂದೋಲೆ, ಅಂದರೆ ಹಿಂದಿನವರಿಗೆ ಬರೆಯುವ ಓಲೆ. ನನ್ನ ಕೆಲಸ ಮಾಡಿದವರಿಗೆ ಜೀವಮಾನದಲ್ಲಿ ಒಂದು ಹಿಂದೋಲೆ ಬರೆಯುವ ಅವಕಾಶವಿದೆ. ಅದು ತಲುಪುತ್ತದೆಯೋ ಇಲ್ಲವೋ ಎಂದು ಯಾರೂ ಬಂದು ಹೇಳಿಲ್ಲ. ಚೆಂದದ ಮಾತುಗಳನ್ನು ಕೂಡಿಟ್ಟುಕೊಂಡು ಮುಂದಿನ ವರ್ಷ ಬರೆದರಾಯಿತೆಂದಿದ್ದೆ. ನಿನ್ನೆ ನಡೆದದ್ದರಿಂದ ಇವತ್ತೇ ಬರೆಯಬೇಕಾಯಿತು.

ನನ್ನ ಕೆಲಸವೆಂದರೆ ಮರಗಳ ಹಾಜರಿ ಕೂಗುವುದು. ಕಾಡಿನ ಸುತ್ತ ಹದಿನಾಲ್ಕು ಊರುಗಳಿವೆ. ಒಳಗೆ ಹೆಸರಿಟ್ಟ ಹಳೆಯ ಮರಗಳು ಒಂಬೈನೂರಕ್ಕೂ ಹೆಚ್ಚು, ಮತ್ತಿ, ಹೊನ್ನೆ, ತಾರೆ, ಬೀಟೆ, ಹಿಪ್ಪೆ, ಎಲ್ಲ. ಒಂದೊಂದು ಮರಕ್ಕೂ ಅದನ್ನು ತಮ್ಮದೆಂದು ನೋಡಿಕೊಳ್ಳುವ ಒಂದೊಂದು ನಂಟುಮನೆ ಇದೆ. ಬಿಡುತಿಂಗಳ ಕೊನೆಯ ದಿನಗಳಲ್ಲಿ ಮೂರು ಬೆಳಗು ಎಲ್ಲರೂ ಕೆರೆ ಏರಿಯ ಕೆಳಗಿನ ಈ ಕಟ್ಟೆಗೆ ಬರುತ್ತಾರೆ. ಹಿಪ್ಪೆ ಎಣ್ಣೆಯ ದೀಪ ಹಚ್ಚಿ ನಾನು ಒಂದೊಂದೇ ಮರದ ಹೆಸರು ಕೂಗುತ್ತೇನೆ. ಆ ನಂಟುಮನೆಯ ಹಿರಿಯರು ಎದ್ದು ನಿಂತು ಮರದ ಪರವಾಗಿ "ಇದ್ದೀನಿ" ಎನ್ನುತ್ತಾರೆ. ಮಕ್ಕಳು ನವಣೆ ಉಂಡೆ ತಿನ್ನುತ್ತಾ ತೂಕಡಿಸುತ್ತವೆ. ಹೆಂಗಸರು ಮಜ್ಜಿಗೆ ಹಂಚುತ್ತಾ ತಮ್ಮ ಮತ್ತಿ ಈ ವರ್ಷ ಎಷ್ಟು ಚಿಗುರಿತೆಂದು ಜಂಬ ಕೊಚ್ಚಿಕೊಳ್ಳುತ್ತಾರೆ. ಹೆಣ್ಣು ನೋಡಲು ಬಂದವರು ನಿಮ್ಮ ಮರ ಯಾವುದೆಂದು ಮೊದಲು ಕೇಳುತ್ತಾರೆ, ಅಡುಗೆಯ ಮಾತು ಆಮೇಲೆ. ನಮ್ಮ ಹುಚ್ಚು ನಮಗೆ.

ಕಾಡಿಗೆ ಯಾರೂ ಸುಮ್ಮನೆ ಹೋಗುವಂತಿಲ್ಲ. ನಂಟುಮನೆಯ ಹಿರಿಯರೊಬ್ಬರು ಮಾತ್ರ ತಮ್ಮ ಕಾಲುದಾರಿಯಲ್ಲಿ ತಮ್ಮ ಮರದವರೆಗೆ ಹೋಗಿಬರಬಹುದು. ಇನ್ನೊಬ್ಬರ ಮರದ ಕಡೆ ಕಾಲಿಡುವುದು ಇನ್ನೊಬ್ಬರ ಮನೆಯ ಅಡುಗೆಕೋಣೆಗೆ ನುಗ್ಗಿದ ಹಾಗೆ. ಹಾಜರಿ ಕೂಗುವವಳಿಗಂತೂ ಯಾವ ಮರವೂ ಇಲ್ಲ. ಅವಳು ಪಕ್ಷಪಾತ ಮಾಡಬಾರದೆಂದು ಹುಟ್ಟಿದ ಮನೆಯ ಮರವನ್ನೂ ಬಿಟ್ಟುಕೊಡಬೇಕು. ಇಪ್ಪತ್ತಾರು ವರ್ಷದ ಹಿಂದೆ ನಾನು ಬಿಟ್ಟುಕೊಟ್ಟ ಮರ ಮೂಡಲವ್ವ, ಕಾಡಿನ ಮೂಡಣ ಅಂಚಿನ ಹಿಪ್ಪೆ ಮರ. ಅದರ ಪರವಾಗಿ ಏಳುವವರು ನನ್ನ ಅಪ್ಪ ಬೋರಲಿಂಗಯ್ಯ. ಅವರಿಗೆ ಈಗ ತೊಂಬತ್ತೊಂದು.

ಮೂಡಲವ್ವ ನಮಗೆಲ್ಲ ಬೇಕಾದ ಮರ. ಕಾಡಿನಲ್ಲಿ ಇನ್ನೂ ಮೂವತ್ತೆಂಟು ಹಿಪ್ಪೆಗಳಿವೆ. ಎಲ್ಲವೂ ಹೂ ಬಿಡುತ್ತವೆ, ಆದರೆ ಕಾಯಿ ಕಚ್ಚುವ ಮೊದಲೇ ಹೂ ಸುಟ್ಟುಹೋಗುತ್ತದೆ. ಈ ಇಪ್ಪತ್ತು ವರ್ಷಗಳಲ್ಲಿ ಈ ಬಿಸಿಲನ್ನು ತಡೆದು ಹಣ್ಣು ಬಿಟ್ಟದ್ದು ಮೂಡಲವ್ವ ಒಬ್ಬಳೇ. ಹಿಪ್ಪೆ ಬೀಜವನ್ನು ರಾಗಿಯ ಹಾಗೆ ಕಣಜದಲ್ಲಿಡಲು ಬರುವುದಿಲ್ಲವೆಂದು ನಿಮಗೂ ಗೊತ್ತಿರಬೇಕು. ಉದುರಿದ ಕೆಲವೇ ವಾರಗಳಲ್ಲಿ ಮಣ್ಣು ಸೇರದಿದ್ದರೆ ಅದು ಹುಟ್ಟುವುದಿಲ್ಲ. ಅವಳಿಂದ ಅವಳ ಮರಿ ಬರಬೇಕು, ಬೇರೆ ದಾರಿಯಿಲ್ಲ. ಈ ಕಾಡಿನಲ್ಲಿ ನಾವಾಗಿ ಗಿಡ ನೆಡುವುದಿಲ್ಲ. ತಾನೇ ಬಿದ್ದು ತಾನೇ ಎದ್ದದ್ದಕ್ಕೆ ಮಾತ್ರ ಹೆಸರಿಡುತ್ತೇವೆ.

ಎರಡು ವರ್ಷದಿಂದ ನನಗೆ ಒಳಗೊಳಗೇ ಕಸಿವಿಸಿ. ಹಣ್ಣಿನ ಕಾಲದಲ್ಲಿ ಸಂಜೆಯಾದರೆ ಮೂಡಲವ್ವನ ಹಣ್ಣು ಕಚ್ಚಿಕೊಂಡು, ಬೀಜ ಉದುರಿಸುತ್ತಾ ಊರ ಮೇಲೆ ಹಾರಿಹೋಗುತ್ತಿದ್ದ ಬಾವಲಿಗಳು ಬರಲೇ ಇಲ್ಲ. ನಮ್ಮ ಪಕ್ಕದ ಮನೆಯ ಚಿಕ್ಕತಾಯಮ್ಮ, ಎಲ್ಲರ ಮನೆಯ ಸುದ್ದಿಯೂ ಬಲ್ಲವಳು, ಅಂಗಳದಲ್ಲಿ ಒಂದು ಬೀಜವೂ ಬೀಳಲಿಲ್ಲವೆಂದು ಎರಡು ಸಲ ಹೇಳಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಪ್ಪ "ಇದ್ದೀನಿ" ಎಂದ ಮೇಲೆ ಇದ್ದಾಳೆ ಎಂದುಕೊಂಡೆ. ಅಪ್ಪನನ್ನು ನಂಬದೆ ಇರುವುದು ನನಗೆ ಗೊತ್ತಿರಲಿಲ್ಲ.

ನಿನ್ನೆ ಮೂರನೆಯ ಬೆಳಗು ಮೂಡಲವ್ವನ ಸರದಿ ಬಂತು. ಒಂದು ಸಲ ಕೂಗಿದೆ. ಅಪ್ಪ ತಮ್ಮ ಊರುಗೋಲನ್ನು ನೋಡುತ್ತಾ ಕೂತಿದ್ದರು. ಎರಡನೆಯ ಸಲ ಕೂಗಿದೆ. ಮೂರನೆಯ ಸಲವೂ ಕೂಗಿದೆ. ಆಗ ಅವರು ಎದ್ದು ನಿಂತರು.

"ಎರಡು ವರ್ಷದಿಂದ ಇದ್ದೀನಿ ಇದ್ದೀನಿ ಅಂತ ನಾನೇ ಅಂತಿದ್ದೆ ಕಣವ್ವ," ಎಂದರು. "ಅವಳು ಅನ್ಲಿಲ್ಲ."

ಮರವೊಂದು ಇಲ್ಲವೆಂದಾದ ದಿನ ಮಾತ್ರ ಅದರ ದಾರಿ ಎಲ್ಲರಿಗೂ ತೆರೆಯುತ್ತದೆ. ಬಿಸಿಲೇರುವ ಮೊದಲೇ ಹೋದೆವು. ಮೂಡಲವ್ವ ತೊಗಟೆ ಕಳಚಿಕೊಂಡು ಒಣಗಿ ನಿಂತಿದ್ದಳು. ಬುಡದಲ್ಲಿ ಎರಡು ಬಿಂದಿಗೆಗಳಿದ್ದವು. ಅವಳು ಸತ್ತ ಮೇಲೂ ಅಪ್ಪ ಕೆರೆಯಿಂದ ನೀರು ಹೊತ್ತು ಹಾಕಿದ್ದರು, ಎರಡು ವರ್ಷ. ಸುತ್ತಲಿನ ನೆಲ ಮಾತ್ರ ಗುಡಿಸಿದ ಅಂಗಳದ ಹಾಗೆ ಬೋಳಾಗಿತ್ತು. ಒಂದು ಮರಿಯೂ ಇರಲಿಲ್ಲ. ನಾನು ಅಪ್ಪನ ಮುಖ ನೋಡಿದೆ.

"ಮರಿಗಳು ಅವಳ ನೀರು ಕುಡೀತಾವೆ ಅಂತ ಕಿತ್ತೆ ಕಣವ್ವ. ಒಣಗ್ತಾ ಬಂದ್ಲಲ್ಲ, ಅವಾಗಿಂದ. ಇದ್ದದ್ದನ್ನ, ಹುಟ್ಟಿದ್ದನ್ನ ಎಲ್ಲ ಕಿತ್ತೆ. ಅವಳು ಉಳೀಲಿ ಅಂತ."

ನನಗೆ ಬಂದ ಸಿಟ್ಟನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಇಪ್ಪತ್ತಾರು ವರ್ಷ ಅವಳನ್ನು ನೋಡದೆ ಇದ್ದೆನಲ್ಲ, ಅಷ್ಟೂ ವರ್ಷದ ಮಾತು ಬಾಯಿಯವರೆಗೆ ಬಂತು. ಅಷ್ಟರಲ್ಲಿ ಚಿಕ್ಕತಾಯಮ್ಮ ಅಪ್ಪನ ಪಕ್ಕದಲ್ಲಿ ನೆಲಕ್ಕೆ ಕೂತುಬಿಟ್ಟಳು. "ನಾವೇನು ಕಮ್ಮಿನಾ ಬೋರಲಿಂಗಣ್ಣ? ಬಾವಲಿ ಉದುರಿಸಿದ್ದನ್ನ ಒಂದೂ ಬಿಡದಂಗೆ ಆರಿಸ್ಕೊಂಡು, ಗಾಣಕ್ಕೆ ಹಾಕಿ, ಹಾಜರಿ ದೀಪಕ್ಕೆ ಸುರಿದ್ವಿ," ಎಂದಳು. ಅವಳು ಹೇಳಿದ್ದು ನಿಜ. ಗುಂಡಿ ಒತ್ತಿದರೆ ಬೆಳಕು ಬರುವ ದೀಪಗಳು ನಮ್ಮಲ್ಲೂ ಬೇಕಾದಷ್ಟಿವೆ. ಆದರೂ ಮರಗಳ ಮರ್ಯಾದೆಗೆ ಹಿಪ್ಪೆ ಎಣ್ಣೆಯೇ ಆಗಬೇಕೆಂದು ಹಟ ಹಿಡಿದು, ಅವಳ ಬೀಜಗಳನ್ನೆಲ್ಲ ಅವಳ ಹೆಸರು ಕೂಗಲಿಕ್ಕೇ ಉರಿಸಿದೆವು. ನನ್ನ ಕೋಪ ಯಾರ ಮೇಲೆ ಇಳಿಯಬೇಕೆಂದು ತಿಳಿಯದೆ ಹಾಗೆಯೇ ಕರಗಿತು. ಅಪ್ಪನ ಕೈ ಹಿಡಿದುಕೊಂಡೆ. ಮಣ್ಣಾದ ಕೈ, ಬಹಳ ಹಗುರವಾಗಿತ್ತು. ಅವರ ಮೇಲೆ ನನಗಿರುವ ಪ್ರೀತಿಯನ್ನು ನಾನು ಒಂದು ದಿನವೂ ಬಾಯಿಬಿಟ್ಟು ಹೇಳಿದವಳಲ್ಲ. ನಿನ್ನೆಯೂ ಹೇಳಲಿಲ್ಲ, ಇಲ್ಲಿ ಬರೆದಿದ್ದೇನೆ.

ಹಿಂದಿರುಗುವಾಗ ಅವರು ಒಂದೇ ಒಂದು ಮಾತು ಕೇಳಿದರು: "ಎಲ್ಲಾದ್ರೂ ಒಂದು ಉಳ್ಕೊಂಡಿರ್ಬೋದಾ ಮಗಾ?"

ಆ ಪ್ರಶ್ನೆಗೆ ಉತ್ತರ ಹೇಳಬಲ್ಲವರು ನೀವು ಮಾತ್ರ. ನಮ್ಮ ದಾಖಲೆಯ ಪ್ರಕಾರ ಮೂಡಲವ್ವ ನಿಮ್ಮ ಕಾಲದಲ್ಲಿ ಸುಮಾರು ನೂರು ವರ್ಷದವಳು. ಹೆಸರು ಇನ್ನೂ ಬಂದಿರಲಿಕ್ಕಿಲ್ಲ, ಆದರೆ ಗಟ್ಟಿಯಾಗಿದ್ದಾಳೆ, ಹಣ್ಣು ಬಿಡುತ್ತಿದ್ದಾಳೆ. ಸೋಗಿಕೆರೆಯ ತೂಬಿನಿಂದ ಹಳೆಯ ಗಾಡಿದಾರಿ ಹಿಡಿದು ಮೂಡಲಿಗೆ ನಡೆಯಿರಿ. ಒರಳಿನಂಥ ಕುಳಿಗಳಿರುವ ದೊಡ್ಡ ಬಂಡೆ ಸಿಗುತ್ತದೆ. ಅದರ ಹಿಂದೆ, ಸೊಂಟದೆತ್ತರದಲ್ಲಿ ಎರಡಾಗಿ ಕವಲೊಡೆದ ಹಿಪ್ಪೆಯೇ ಅವಳು. ಮುಂಗಾರು ಶುರುವಾಗುವ ಹೊತ್ತಿಗೆ ಬುಡದಲ್ಲಿ ಹಣ್ಣು ಬಿದ್ದಿರುತ್ತದೆ. ಒಂದನ್ನು ಎತ್ತಿಕೊಳ್ಳಿ. ಒಂದು ಸಾಕು. ಕಾಡಿನ ಹೊರಗೆ ತನ್ನಿ. ಹಳ್ಳದ ದಡದಲ್ಲೋ, ಬಿಟ್ಟುಹೋದ ಬದುವಿನ ಮೂಲೆಯಲ್ಲೋ, ಗುಡಿಸುವವರ ಕಣ್ಣಿಗೂ ಆರಿಸುವವರ ಕೈಗೂ ಸಿಗದ ಕಡೆ ಒದ್ದೆ ಮಣ್ಣಿಗೆ ಒತ್ತಿಬಿಡಿ. ಯಾರಿಗೂ ಹೇಳಬೇಡಿ. ಹೇಳಿದರೆ ಯಾರಾದರೂ ಹೆಸರಿಟ್ಟು, ದೀಪ ಹಚ್ಚಿ, ನಮ್ಮ ಹಾಗೆ ಪ್ರೀತಿ ಮಾಡಿಬಿಡುತ್ತಾರೆ.

ನೀವು ಒತ್ತಿದ ಬೀಜ ನಮ್ಮ ಹೊತ್ತಿಗೆ ಹಳೆಯ ಮರವಾಗಿರುತ್ತದೆ, ಅದರ ಮಕ್ಕಳು ಮೊಮ್ಮಕ್ಕಳೂ ಇದ್ದಾರು. ಅಂಥದ್ದು ಇಷ್ಟು ದಿನ ನಮ್ಮ ಕಣ್ಣಿಗೆ ಬೀಳದೆ ಇರುತ್ತದೆಯೇ ಎಂದು ನೀವು ಕೇಳಬಹುದು. ಇರುತ್ತದೆ. ಕಾಡಿನ ಹೊರಗಿನ ಮರಗಳಿಗೆ ಹಾಜರಿ ಇಲ್ಲ. ಹಳ್ಳಗಳಲ್ಲಿ, ಕೊರಕಲುಗಳಲ್ಲಿ, ಯಾರೂ ಉಳದ ಹೊಲಗಳಲ್ಲಿ ಏನೇನು ಬೆಳೆದಿದೆಯೆಂದು ನಾವು ಕತ್ತೆತ್ತಿ ನೋಡಿದವರೇ ಅಲ್ಲ. ಕಾಡಿನೊಳಗಿನ ಒಂದೊಂದು ಕೊಂಬೆಯ ಸುದ್ದಿಯೂ ನಮಗೆ ಬೇಕಿತ್ತು, ಹಿತ್ತಲಾಚೆಗಿನದು ಬೇಕಿರಲಿಲ್ಲ.

ನಾಳೆ ಬೆಳಿಗ್ಗೆಯಿಂದ ಹದಿನಾಲ್ಕೂ ಊರಿನವರು ಹುಡುಕಲು ಹೊರಡುತ್ತೇವೆ. ಬೇಡವೆಂದರೂ ಕೇಳದೆ ಅಪ್ಪ ತಾವೂ ಬರುತ್ತೇನೆಂದು ಈಗಲೇ ಎಕ್ಕಡ ಮೆಟ್ಟಿಕೊಂಡು ಜಗಲಿಯ ಮೇಲೆ ಕೂತಿದ್ದಾರೆ. ಕಣ್ಣು ಚೆನ್ನಾಗಿದೆ, ಕಾಲು ಮಾತ್ರ ಹೆಚ್ಚು ದೂರ ಸಾಗುವುದಿಲ್ಲ. ದಯವಿಟ್ಟು ಆ ಹಣ್ಣನ್ನು ತೀರಾ ದೂರ ಒಯ್ಯಬೇಡಿ.