ಮುರಿದ ಸೂಜಿಯ ಮೊನೆ

ಬಾಶೆಟ್ಟಿಹಳ್ಳಿ
ಭಾನುವಾರ, ೧೪ ಜುಲೈ ೨೦೨೪

ಪ್ರೀತಿಯ ಪ್ರಮೋದಕ್ಕನಿಗೆ,

ನೀನು, ಭಾವ, ಪಾಪು ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನೀನು ಮೂರು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಬೇಸರ ಮಾಡಿಕೊಳ್ಳಬೇಡ. ರೂಮಿನಲ್ಲಿ ನಾಲ್ಕು ಜನ ಇದ್ದೇವೆ, ಬಾಯಿ ತೆರೆದರೆ ಅಳು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಗಾರ್ಮೆಂಟ್ಸಿನಲ್ಲಿ ಸೂಜಿ ಮುರಿದರೆ ಎಲ್ಲ ಚೂರನ್ನೂ ಹುಡುಕಿ ಹಾಳೆಗೆ ಅಂಟಿಸಿ ತೋರಿಸಬೇಕು. ಆಮೇಲೆಯೇ ಹೊಸ ಸೂಜಿ. ನಾವು ಹೊಲಿಯುವುದು ಎಳೆ ಮಕ್ಕಳ ಬಟ್ಟೆ. ಮಂಗಳವಾರ ನನ್ನ ಪಕ್ಕದ ಮಿಷಿನ್ನಿನ ಮಾರಕ್ಕನ ಸೂಜಿ ಮುರಿಯಿತು, ಮೊನೆ ಸಿಗಲಿಲ್ಲ. ಅವರು ಬೇರೆ ಯಾವುದೋ ಹಳೆಯ ಮೊನೆ ಅಂಟಿಸಿ ಹೊಸ ಸೂಜಿ ತಂದರು. ನಾನು ಹೋಗಿ ಸೂಪರ್‌ವೈಸರ್ ಬೀರೇಶ್ ಸಾರ್‌ಗೆ ಹೇಳಿದೆ. ಅಂಗಿಗಳನ್ನೆಲ್ಲ ಮತ್ತೆ ಪರೀಕ್ಷೆ ಮಾಡಿದರು. ಒಂದರ ಕಾಲರಿನಲ್ಲಿ ನಿಜವಾದ ಮೊನೆ ಇತ್ತು. ಮಾರಕ್ಕನನ್ನು ಆವತ್ತೇ ಮನೆಗೆ ಕಳಿಸಿದರು.

ಈಗ ಮಾರಕ್ಕ ಮಗಳ ಕೈಲಿ ಇಂಗ್ಲಿಷಿನಲ್ಲಿ ಕಾಗದ ಬರೆಸಿ ಆಫೀಸಿಗೆ ಕೊಟ್ಟಿದ್ದಾರೆ. ನಾಳೆ ವಿಚಾರಣೆ. ಕಾಗದದಲ್ಲಿ ನನ್ನ ಹೆಸರಿನ ಪಕ್ಕ ‘ಸ್ಪೈಟ್’ ಎಂದಿದೆಯಂತೆ. ಆಫೀಸಿನ ವಿಜಯ್‌ನನ್ನು ಹಾಗೆಂದರೇನು ಎಂದು ಕೇಳಿದೆ.

“ನಿಂಗೇನೂ ಸಿಗ್ದಿದ್ರೂ ಪರ್ವಾಗಿಲ್ಲ, ಅವ್ರಿಗೆ ನೋವಾಗ್ಲಿ ಅಂತ ಮಾಡೋದು ಕಣಮ್ಮಾ.”

“ಹೊಟ್ಟೆಕಿಚ್ಚಾ?”

“ಅಲ್ಲ. ಹೊಟ್ಟೆಕಿಚ್ಚಿಗೆ ಅವ್ರತ್ರ ಇರೋದು ಬೇಕಿರುತ್ತೆ. ಇದಕ್ಕೆ ಏನೂ ಬೇಡ. ಜ್ವರ ಇದ್ರೂನೂ ಕೆಲ್ಸಕ್ಕೆ ಬಂದ್ಳು ಅನ್ನೋಕೂ ಇಂಗ್ಲಿಷಲ್ಲಿ ‘ಇನ್ ಸ್ಪೈಟ್ ಆಫ್’ ಅಂತ ಇದೇ ಪದ ಹಾಕ್ತಾರೆ, ಅದು ಬೇರೆ. ನೀನ್ಯಾಕೆ ಹಿಂಗೆ ಬೆವರ್ತಿದೀಯಾ?”

“ನಿಜ ಹೇಳಿದ್ರೂ ಸ್ಪೈಟ್ ಆಗುತ್ತಾ?”

“ಯಾಕೆ ಹೇಳ್ದೆ ಅನ್ನೋದ್ರ ಮೇಲೆ” ಎಂದ.

ನಾಳೆ ವಿಚಾರಣೆಯಲ್ಲಿ ಕೇಳುವುದೂ ಅದನ್ನೇ. ಸ್ಪೈಟ್ ಎಂದು ತೀರ್ಮಾನವಾದರೆ ನನ್ನ ಕೆಲಸವೂ ಹೋಗುತ್ತದೆ. ಊಟಕ್ಕೆ ಯಾರೂ ನನ್ನ ಪಕ್ಕ ಕೂರುವುದಿಲ್ಲ. ಮಾರಕ್ಕನ ಮೈದುನ ಬೈಕಿನಲ್ಲಿ ಎರಡು ಸಲ ನಮ್ಮ ಬೀದಿಗೆ ಬಂದಿದ್ದ. ಮನೆ ನೋಡಿಕೊಂಡು ಹೋದ. ಆವತ್ತಿನಿಂದ ಬೈಕಿನ ಸದ್ದಾದರೆ ಎದ್ದು ಬಾಗಿಲಿನ ಚಿಲಕ ನೋಡುತ್ತೇನೆ.

ಅಪ್ಪನಿಗೆ ಹೇಳಬೇಡ. ಪಾಪು ನೂರು ವರ್ಷ ಬಾಳಲಿ. ಅವನಿಗೆ ಹೊಸ ಬಟ್ಟೆ ತೊಡಿಸುವ ಮುಂಚೆ ಒಳಗೆಲ್ಲ ಕೈಯಾಡಿಸಿ ನೋಡು.

ನಿನ್ನ ತಂಗಿ,
ಸಿಂಚನ

ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಅಕ್ಕ, ಆ ಹಳೆಯ ಮೊನೆ ಕೊಟ್ಟವಳು ನಾನೇ. ಎಲ್ಲರ ಹಾಗೆ ನಾನೂ ಡಬ್ಬಿಯಲ್ಲಿ ಒಂದು ಬಚ್ಚಿಟ್ಟಿದ್ದೆ. “ಏನಾರ ಮಾಡೇ ಸಿಂಚು, ಟಾರ್ಗೆಟ್ ಮುಗಿಯಲ್ಲ” ಎಂದು ಮಾರಕ್ಕ ಗಾಬರಿಯಾದಾಗ ತೆಗೆದುಕೊಟ್ಟೆ. ಕೊಡುವಾಗಲೇ ಗೊತ್ತಿತ್ತು, ಹೋಗಿ ಹೇಳುತ್ತೇನೆಂದು. ಹಿಂದಿನ ದಿನ ಅವರು ನನ್ನ ಪದ್ಯದ ನೋಟ್‌ಬುಕ್ ಕಿತ್ತುಕೊಂಡು ಊಟದ ಹಾಲ್‌ನಲ್ಲಿ ಜೋರಾಗಿ ಓದಿದ್ದರು. “ನೋಡ್ರೇ, ಐದ್ನೇ ಕ್ಲಾಸ್ ಕವಿ!” ಎಲ್ಲರೂ ನಕ್ಕಿದ್ದರು.

ಮೊನೆ ಕೊಟ್ಟ ವಿಷಯ ಅವರ ಕಾಗದದಲ್ಲಿಲ್ಲ. ವಿಜಯ್ ಕೈಲಿ ಎರಡು ಸಲ ಓದಿಸಿದೆ. ನಾಳೆ ಅವರು ಹೇಳಿಬಿಟ್ಟರೆ ಎಂದು ಹೆದರಿಕೆ. ನನ್ನನ್ನು ಉಳಿಸಲೆಂದು ಹೇಳದೇ ಕೂತುಬಿಟ್ಟರೆ ಎಂದು ಅದಕ್ಕಿಂತ ಹೆದರಿಕೆ.