ನಾಲ್ಕನೇ ಮದುವೆಗೆ ಪಾಸ್ ಕೊಡದ ಅಧಿಕಾರಿಗಳಿಗೆ

ಲಾಕ್‌ಡೌನಿನಲ್ಲಿ ವಾಹನಗಳಿಗೆ ಪಾಸ್ ಕೊಡುವ ಮಾನ್ಯರೇ,

ನನ್ನ ಗಂಡನನ್ನು ನಾಲ್ಕನೇ ಸಲ ಮದುವೆಯಾಗಲು ನೀವು ಬಿಡುತ್ತಿಲ್ಲ. ಮೂರು ಸಲ ಬಿಟ್ಟಿರಿ, ಕೃತಜ್ಞಳು. ಆದರೆ ನಮ್ಮ ಡಬ್ಬಿಯಲ್ಲಿ ಇಬ್ಬರಿಗೂ ಸೇರಿ ಆರೇ ಗುಳಿಗೆ ಉಳಿದಿವೆ. ಎಂದರೆ ಮೂರು ದಿನ.

ನಾವಿಬ್ಬರೂ ಎಚ್‌ಐವಿ ಇರುವವರು. ದಿನಕ್ಕೊಂದು ಗುಳಿಗೆ ನುಂಗಿದರೆ ಎಲ್ಲರಂತೆ ಗಟ್ಟಿಯಾಗಿರುತ್ತೇವೆ, ತಪ್ಪಿಸಿದರೆ ವೈರಸ್ ಮತ್ತೆ ತಲೆಯೆತ್ತುತ್ತದೆ. ಗುಳಿಗೆ ಸಿಗುವುದು ಗೋಕಾಕದ ಆಸ್ಪತ್ರೆಯಲ್ಲಿ. ಅಲ್ಲಿನ ಸಾಲಿನಲ್ಲೇ ನಾನು ಇವರನ್ನು ಮೊದಲು ನೋಡಿದ್ದು. ಸೂರಜ ಎಂದಿಟ್ಟುಕೊಳ್ಳಿ, ನಿಜವಾದ ಹೆಸರಲ್ಲ. ಎಷ್ಟು ಚೆಂದ ಕಾಣುತ್ತಿದ್ದರು ಗೊತ್ತೇ! ಇರಲಿ, ವಿಷಯಕ್ಕೆ ಬರುತ್ತೇನೆ.

ನಿಮ್ಮ ಅರ್ಜಿಯಲ್ಲಿ ಆಸ್ಪತ್ರೆಗೆ ಹೋಗುವವರು ಕಾಯಿಲೆಯ ಹೆಸರು ಬರೆಯಬೇಕು. ಅದನ್ನು ನೀವು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ ಕೊಡುತ್ತೀರಿ, ನಾವು ಗಾಡಿಯ ಮುಂದಿನ ಗಾಜಿಗೆ ಅಂಟಿಸಿಕೊಂಡು ಊರ ಅಗಸಿಬಾಗಿಲು ದಾಟಬೇಕು. ಸಾಲದ್ದಕ್ಕೆ ಒಂದು ಪ್ರತಿ ಪಂಚಾಯಿತಿಯ ವಾಟ್ಸ್ಯಾಪ್ ಗುಂಪಿಗೆ! ಡಂಗುರ ಸಾರುವವನನ್ನೂ ಕಳಿಸಬಾರದಿತ್ತೇ? ಮದುವೆಗೋ ಹತ್ತು ನಿಮಿಷದಲ್ಲಿ ಪಾಸ್. ಮದುವೆಯಾಗಲು ಕಾರಣ ಬರೆಯಬೇಕಿಲ್ಲ.

ನಮ್ಮ ನಿಜವಾದ ಮದುವೆಯ ದಿನ ನಿಡಸೋಸಿ ಕಡೆಯ ನನ್ನ ತವರಿನಿಂದ ಮೂಡಲಗಿ ಕಡೆಗೆ ದಿಬ್ಬಣ ಹೊರಟಾಗ ಗೋಕಾಕದಲ್ಲಿ ಇಳಿದು ಗುಳಿಗೆಯನ್ನೂ ತಂದೆವು. ತಂದ ಗುಳಿಗೆ ಮುಗಿಯಿತು. ಮದುವೆಯ ಸೀರೆ ಕೈಗೆಟಕುವಂತೆ ಗೂಟಕ್ಕೇ ತೂಗಾಡುತ್ತಿತ್ತು. ಇನ್ನೇನು ಮಾಡುವುದು? ಮದುವೆಗೆಂದೇ ಪಾಸ್ ತೆಗೆದುಕೊಂಡು ಮತ್ತೆ ಬಾಸಿಂಗ ಕಟ್ಟಿಕೊಂಡೆವು.

ಎರಡನೇ ಸಲ ಚೆಕ್‌ಪೋಸ್ಟಿನ ಪೇದೆ ಶೆಟ್ಟೆಪ್ಪನವರು ಗಾಡಿಯೊಳಗೆ ಬಗ್ಗಿ ನೋಡಿದರು. “ಖರೇನ ಮದುಮಗಳಾಗಿದ್ರ ಒಡಪು ಹಾಕಿ ಗಂಡನ ಹೆಸರ ಹೇಳವಾ.”

ಇಂಗ್ಲಿಷ್ ಶಾಲೆಯಲ್ಲಿ ಓದಿದ ನನಗೆ ಗಂಡನ ಹೆಸರನ್ನು ಪ್ರಾಸದಲ್ಲಿ ಕಟ್ಟುವ ಒಡಪು ಎಲ್ಲಿಂದ ಬರಬೇಕು? ಬಾಯಿಗೆ ಬಂದದ್ದನ್ನೇ ಹೇಳಿದೆ: “ಗೋಕಾಕ ಕರದಂಟ ಡಬ್ಬಿ ತುಂಬ, ಸೂರಜ ಅವರ ಹೆಸರ ಮಾಸ್ಕಿನ ತುಂಬ!”

ಅವರು ನಕ್ಕು, ಸ್ಯಾನಿಟೈಸರ್ ಹಚ್ಚಿಕೊಂಡು, ಜೇಬಿನಿಂದ ಅಕ್ಷತೆಯ ಅಕ್ಕಿಕಾಳು ತೆಗೆದು ನಮ್ಮ ಮೇಲೆ ಹಾಕಿದರು.

ಮೂರನೇ ಸಲ ನಗಲಿಲ್ಲ. “ಏನ್ ತಂಗಿ, ಈ ಸಲಾನೂ ಇವರನ್ನ ಮಾಡ್ಕೊಳ್ಳಾಕತ್ತೀ?”

“ಎಷ್ಟ್ ಸಲ ಆದ್ರೂ ಇವರನ್ನ ರಿ.”

ಅವರ ಕಣ್ಣು ನನ್ನ ಮಡಿಲಲ್ಲಿದ್ದ ಆಸ್ಪತ್ರೆಯ ಪುಸ್ತಕದ ಮೇಲೆ ಬಿತ್ತು. ಸೆರಗು ಎಳೆದುಕೊಂಡೆ. ಅವರು ಗೇಟು ಎತ್ತುತ್ತ ಮೆಲ್ಲಗೆ ಹೇಳಿದರು, “ಲಗೂ ಹೋಗ್ರಿ, ಮುಹೂರ್ತ ಮೀರೀತು.”

ಅರ್ಜಿಯಲ್ಲಿ ಇಲ್ಲದ ಸಾಲನ್ನು ಪೇದೆಯೊಬ್ಬರು ಓದಿಕೊಂಡರು. ನಿಮ್ಮ ಕಚೇರಿ? ಮೊನ್ನೆ ಫೋನ್ ಮಾಡಿದರೆ ಗುಮಾಸ್ತರ ಉತ್ತರ: “ಕಂಪ್ಯೂಟರ್‌ನ್ಯಾಗ ನಿಮ್ದು ಮೂರ ಲಗ್ನ ಆಗ್ಯಾವ್ರಿ. ಮೊದಲ ಸೋಡಚಿಟ್ಟಿ ತರ್ರಿ, ನಾಲ್ಕನೇದಕ್ಕ ಪಾಸ್ ಕೊಡೂಣು.” ಗುಳಿಗೆ ಬೇಕೆಂದರೆ ವಿಚ್ಛೇದನ ತರಬೇಕು! ನ್ಯಾಯಾಲಯವೂ ಮುಚ್ಚಿದೆ, ಮಾನ್ಯರೇ. ತೆರೆದಿದ್ದರೂ ನಾನು ಇವರನ್ನು ಬಿಡುವವಳಲ್ಲ.

ಅರ್ಜಿಯಲ್ಲಿ ‘ಔಷಧಿ ತರಲು’ ಎಂಬ ಒಂದು ಸಾಲು ಸೇರಿಸಿ. ಕಾಯಿಲೆಯ ಹೆಸರು ಕೇಳಬೇಡಿ, ಅದನ್ನು ಗಾಜಿಗೆ ಅಂಟಿಸಲು ಹೇಳಬೇಡಿ. ಮೂರು ದಿನದೊಳಗೆ ಆಗಲಿ. ಇಲ್ಲವಾದರೆ ನಾಲ್ಕನೇ ದಿನ ಬಾಸಿಂಗ ಕಟ್ಟಿಕೊಂಡು ನಾವಿಬ್ಬರೂ ಗೋಕಾಕಕ್ಕೆ ನಡೆದೇ ಹೊರಡುತ್ತೇವೆ. ನೀವೂ ಚೆಕ್‌ಪೋಸ್ಟಿಗೆ ಬನ್ನಿ. ಶೆಟ್ಟೆಪ್ಪನವರ ಅಕ್ಕಿಕಾಳು ಮುಗಿದಿವೆಯಂತೆ, ಬರುವಾಗ ಒಂದು ಹಿಡಿ ತನ್ನಿ.

ಇಂತಿ,
ಸೋಡಚಿಟ್ಟಿ ತರಲೊಲ್ಲದ, ಹೆಸರನ್ನು ಸದ್ಯಕ್ಕೆ ಬಾಸಿಂಗದ ಹಿಂದೆ ಇಟ್ಟುಕೊಂಡಿರುವ
ಮೂರು ಸಲದ ಮದುಮಗಳು