ತಿರುವಿನ ಮರ

ಮಧುರೆ (ದೊಡ್ಡಬಳ್ಳಾಪುರ ತಾ.)
9-2-2025

ಪ್ರೀತಿಯ ಅಕ್ಕನಿಗೆ,

ನಿನ್ನ ಪ್ರಮೋದಾಳ ನಮಸ್ಕಾರ. ಸಂಕ್ರಾಂತಿಗೇ ಬರೆಯಬೇಕಿತ್ತು, ಸೋಮಾರಿತನ. ಬೈದುಕೋ. ದಿನಾ ಫೋನಿನಲ್ಲಿ ಹರಟುವವಳು ಈಗ್ಯಾಕೆ ಕಾಗದ ಹಿಡಿದಳು ಅಂತೀಯಾ? ಇದು ಫೋನಿನಲ್ಲಿ ಬಾಯಿಗೆ ಬರಲಿಲ್ಲ.

ಅಪ್ಪ ನೆಟ್ಟ ತೇಗದ ತೋಪು ತೀರಾ ಒತ್ತಾಗಿತ್ತು. ನಡುನಡುವೆ ಕಡಿಸಿ ಉಳಿದವಕ್ಕೆ ಜಾಗ ಮಾಡಿಸಿದೆ. ಆ ಸಸಿಗಳಿಗೆ ನಾವು ನೀರು ಹೊತ್ತದ್ದು ನೆನಪಿದೆಯಾ? ಅಲ್ಲಿಗೆ ಹೋಗುವಷ್ಟರಲ್ಲಿ ನನ್ನ ಬಿಂದಿಗೆಯಲ್ಲಿ ಅರ್ಧ ನೀರೂ ಇರುತ್ತಿರಲಿಲ್ಲ. ಅಪ್ಪನಿಗೆ ಕಾಣದಂತೆ ನೀನೇ ನಿನ್ನದರಿಂದ ಸುರಿದು ಸರಿಮಾಡುತ್ತಿದ್ದೆ.

ಕಡಿಯಲು ದೊಡ್ಡಬಳ್ಳಾಪುರದ ಮೇಸ್ತ್ರಿ ಅಫ್ಸರ್ ಬಂದಿದ್ದ. ದಿಮ್ಮಿ ಎಳೆಯುವಾಗ ಉಳಿಯುವ ಮರಗಳ ತೊಗಟೆ ಕಿತ್ತುಬರಬಾರದೆಂದು ಬುಡಕ್ಕೆಲ್ಲ ಗೋಣಿಚೀಲ, ಅದರ ಮೇಲೆ ಮಗ್ಗದವರು ಬಿಸಾಡಿದ ಸೀರೆ ಸುತ್ತಿಸಿದ. ತೋಪಿಗೆ ತೋಪೇ ಮದುವೆಗೆ ಹೊರಟು ನಿಂತಂತಿತ್ತು. ನೀನಿದ್ದಿದ್ದರೆ ಎಷ್ಟು ನಗುತ್ತಿದ್ದೆಯೋ!

ದಾರಿ ತಿರುಗುವಲ್ಲಿದ್ದ ಮರಕ್ಕೆ ಮಾತ್ರ ಏನೂ ಸುತ್ತಿರಲಿಲ್ಲ. ಪ್ರತಿ ದಿಮ್ಮಿಯೂ ಅದಕ್ಕೆ ಉಜ್ಜಿಕೊಂಡೇ ತಿರುಗುತ್ತಿತ್ತು.

"ಇದೇನಪ್ಪಾ ಪಾಪ ಮಾಡಿತ್ತು?" ಎಂದು ರೇಗಿದೆ.

"ಅದು ಹೆಂಗೂ ಹೋಗೋ ಮರ ಅಮ್ಮಾ. ಒಳಗಿನವಕ್ಕೆ ಬೀಳೋ ಏಟು ಅದು ತಿನ್ಲಿ ಅಂತ ಬಿಟ್ಟಿರೋದು. ಕೊನೇಲಿ ಕಡ್ದಾಕ್ತೀವಿ," ಎಂದ.

ಅವನು ಮಾಡಿದ್ದರಲ್ಲಿ ತಪ್ಪಿಲ್ಲ. ಒಳಗಿನ ಮರಗಳಿಗೆ ಒಂದು ಗೀರೂ ಬಿದ್ದಿಲ್ಲ. ಆದರೂ ನನಗೆ ಅವತ್ತು ಊಟ ಸೇರಲಿಲ್ಲ. ಕೊನೆಯ ದಿನ ಅದರ ಬುಡಕ್ಕೆ ಗರಗಸ ತಂದಾಗ ಅಡ್ಡ ನಿಂತೆ.

"ತೊಗಟೆ ಹೋಗೈತೆ, ಒಳ್ಳೆ ನಾಟಾ ಆಗಲ್ಲ. ಇದು ಉಳೀಬೇಕಂದ್ರೆ ಪಕ್ಕದ್ದು ಹೋಗ್ಬೇಕು. ಅದು ನೋಡಿ, ಎಷ್ಟು ನೆಟ್ಟಗೈತೆ!"

"ಅದನ್ನೇ ತೆಗಿ. ಇದು ಬದುಕುತ್ತಾ, ಅಷ್ಟು ಹೇಳು."

"ಬದುಕ್ತದೆ. ಗಾಯ ಮುಚ್ಚೋಕೆ ವರ್ಷಗಟ್ಲೆ ಬೇಕು."

ಪಕ್ಕದ್ದನ್ನೇ ಕಡಿದರು. ಎಂಥ ಮರ ಕಳೆದಳು ಎಂದು ಊರಿನವರು ಆಡಿಕೊಳ್ಳುತ್ತಿದ್ದಾರೆ, ಆಡಿಕೊಳ್ಳಲಿ.

ಭಾವನವರಿಗೆ ನಮಸ್ಕಾರ. ಮಕ್ಕಳು ತಣ್ಣಗೆ ಬಾಳಲಿ. ಹೊಸಕೋಟೆಯ ಬಿಸಿಲಲ್ಲಿ ಹೆಚ್ಚು ಓಡಾಡಬೇಡ.

ನಿನ್ನ ತಂಗಿ,
ಪ್ರಮೋದಾ

ವಿ.ಸೂ.: ಮೇಕೆ ಸಸಿ ತುಳಿದ ದಿನ ಅಪ್ಪ ಬಾರುಕೋಲು ಎತ್ತಿದ್ದು ನನ್ನ ಮೇಲೆ. ನೀನು ಮಧ್ಯೆ ಬಂದೆ. ಅವತ್ತು ಮುರಿದ ನಿನ್ನ ಮೊಣಕೈ ಇವತ್ತಿಗೂ ನೆಟ್ಟಗಾಗಿಲ್ಲ. ಬಾವಿಕಟ್ಟೆಯಿಂದ ಬಿದ್ದೆ ಅಂತಲೇ ಭಾವನಿಗೆ ಹೇಳಿದ್ದೀಯಂತೆ. ಅಪ್ಪ ಹೋದ ಮೇಲೂ ನೀನು ತೋಪಿಗೆ ಕಾಲಿಟ್ಟಿಲ್ಲ. ಯುಗಾದಿಗೆ ಬಾ. ನಿನ್ನೆ ಸ್ನಾನ ಮಾಡುವಾಗ ನೋಡಿಕೊಂಡೆ ಅಕ್ಕ, ನನ್ನ ಮೈಮೇಲೆ ಒಂದು ಗೀರೂ ಇಲ್ಲ.